ಹಳೇ ಮನೆಯ ಮರ, ಹೊಸ ಮನೆಯ ಲೆಕ್ಕ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಹಿರಿಯರ ಮನೆಯನ್ನು ಈ ಬೇಸಿಗೆಯಲ್ಲಿ ಬಿಚ್ಚುತ್ತಿದ್ದೇವೆ. ಪಾಲಿನಲ್ಲಿ ನನಗೆ ಬಂದಿರುವುದು 6 ಕಂಬ (7 ಇಂಚು ಚೌಕ, 8 ಅಡಿ ಎತ್ತರ), 5 ತೊಲೆ (6×8 ಇಂಚು, 12 ಅಡಿ), 40 ಪಕಾಸು (ಹೆಂಚಿನ ಮಾಡು ಹೊರುವ ಓರೆ ಮರ, 3×4 ಇಂಚು, 12 ಅಡಿ), ಸುಮಾರು 200 ಚದರಡಿ ಮುಚ್ಚಿಗೆ (ಮಾಡಿನ ಕೆಳಗಿನ ಒಳಛಾವಣಿ) ಹಲಗೆ, ಜೊತೆಗೆ ದಾರಂದದ (ಬಾಗಿಲ ಚೌಕಟ್ಟಿನ) ಸಮೇತ ಹೆಬ್ಬಾಗಿಲು. ಹೆಚ್ಚಿನದು ಹಲಸು ಅನ್ನುತ್ತಾರೆ. ಮೈಸೂರಿನಲ್ಲಿ ಕಟ್ಟುವ ಮನೆಗೆ ಇದನ್ನೆಲ್ಲ ಬಳಸಬೇಕೆಂಬ ಆಸೆ. ಆದರೆ ಪಕಾಸಿನಲ್ಲಿ ಕುಟ್ಟೆ (ಮರ ಕೊರೆಯುವ ಹುಳು) ತೂತುಗಳಿವೆ. ಇಲ್ಲಿನ ಬಡಗಿ, "ಹಳೇದನ್ನು ಸರಿಮಾಡೋ ಖರ್ಚಿಗೆ ಹೊಸ ಮರವೇ ಬರುತ್ತೆ ಸಾರ್" ಎನ್ನುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಬಡಗಿ ಹೇಳಿದ್ದು ಅರ್ಧ ನಿಜ. ಪಕಾಸಿನ ಮಟ್ಟಿಗೆ ಅವನ ಮಾತು ಸರಿ ಇರಬಹುದು, ತೊಲೆ ಕಂಬಗಳ ಮಟ್ಟಿಗೆ ಖಂಡಿತ ಅಲ್ಲ. ಆ ಅಳತೆಯ ಕೆಚ್ಚು (ಕಾಂಡದ ನಡುವಿನ ಗಟ್ಟಿ ಭಾಗ) ಮರ ಇವತ್ತು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಹೊಸ ಸಾಗುವಾನಿ ಎಂದು ಕೊಡುವುದರಲ್ಲಿ ಬಹಳಷ್ಟು ಎಳೆಯ ತೋಟದ ಮರ, ಅಂಚಿನಲ್ಲಿ ಬಿಳಿ ಭಾಗ ಉಳಿದೇ ಇರುತ್ತದೆ.

ಮೊದಲು ಒಂದು ಕೆಲಸ. ಮನೆಯ ನಕ್ಷೆ ಇನ್ನೂ ಅಂತಿಮ ಆಗಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ. ನಕ್ಷೆ ಮುಗಿಸಿ, ಬಾಗಿಲು ಕಿಟಕಿಯ ಅಳತೆ ಬರೆದು, ಆಮೇಲೆ "ಈ ಹಳೇ ಮರ ಎಲ್ಲಿ ಹಾಕೋಣ" ಎಂದು ಹುಡುಕುವವರೇ ಜಾಸ್ತಿ. ಆಗ 8 ಇಂಚಿನ ತೊಲೆಯನ್ನು ಸೀಳಿ ಸೀಳಿ ರೀಪು (ಹೆಂಚು ಕೂರುವ ತೆಳು ಪಟ್ಟಿ) ಮಾಡುವ ಸ್ಥಿತಿ ಬರುತ್ತದೆ. ಮರದ ಪಟ್ಟಿ ಮೊದಲು, ನಕ್ಷೆ ಆಮೇಲೆ. ಕಂಬ 8 ಅಡಿ ಇದೆ ಎಂದರೆ ಜಗಲಿಯ ಮಾಡಿನ ಎತ್ತರವನ್ನು ಆ ಕಂಬ ಹೇಳಬೇಕು.

ಲೆಕ್ಕ ಹೀಗೆ

ಅಡಿಯಲ್ಲಿ ಉದ್ದ, ಇಂಚಿನಲ್ಲಿ ಅಗಲ ಮತ್ತು ದಪ್ಪ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಮರದಂಗಡಿಯವರ ಸಿಎಫ್‌ಟಿ. ನಿಮ್ಮ ಪಕಾಸು ಒಂದಕ್ಕೆ 12×3×4÷144, ಸರಿಯಾಗಿ 1 ಘನ ಅಡಿ. ತೊಲೆ ಒಂದಕ್ಕೆ 4. ಕಂಬ ಒಂದಕ್ಕೆ ಸುಮಾರು 2.7. ಹಲಗೆಗಳು ಒಂದಿಂಚು ದಪ್ಪ ಇದ್ದರೆ ಒಟ್ಟು ಸುಮಾರು 17. ಎಲ್ಲ ಸೇರಿ 90 ಘನ ಅಡಿ ದಾಟುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಕೈಗೆ ಬರುವುದು ಅಷ್ಟಲ್ಲ.

ಪಕಾಸಿನ ಒಂದು ತುದಿ ಗೋಡೆ ತಲೆಯ ಮೇಲೆ ಮಣ್ಣಿಗೆ ತಾಗಿ ಕೂತಿತ್ತು, ಇನ್ನೊಂದು ತುದಿ ಸೂರಿನ ಇರುಚಲಿಗೆ ನೆನೆಯುತ್ತಿತ್ತು. ಎರಡೂ ಕಡೆ ಒಂದೊಂದು ಅಡಿ ಕತ್ತರಿಸಿದರೆ ಉಳಿಯುವುದು 10 ಅಡಿ. ನಾಲ್ಕು ಮೈ ಕೆತ್ತಿ ಹದಮಾಡಿದಾಗ 3×4 ಎಂಬುದು 2½×3½ ಆಗುತ್ತದೆ. ಅಂದರೆ ಒಂದು ಪಕಾಸಿಗೆ 0.6 ಘನ ಅಡಿ. ನಲವತ್ತರಲ್ಲಿ ಎಂಟು ಕುಟ್ಟೆ, ಸೀಳು, ತಿರುಚಿನಿಂದ ತಿರಸ್ಕಾರವಾದರೆ ಉಳಿದ 32ರಿಂದ ಸಿಗುವುದು 19 ಘನ ಅಡಿ ಚಿಲ್ಲರೆ. ಅರ್ಧಕ್ಕಿಂತ ಕಡಿಮೆ. ಬಡಗಿ ಹೆದರುವುದು ಇಲ್ಲೇ, ಏಕೆಂದರೆ ಮೊಳೆ ಕೀಳುವುದು, ಕೆತ್ತುವುದು, ಆರಿಸುವುದು 40 ತುಂಡಿಗೂ ಒಂದೇ ಸಮ ಮಾಡಬೇಕು. ಘನ ಅಡಿಗೆ ಇಷ್ಟು ಎಂದು ಗುತ್ತಿಗೆ ಮಾತಾಡಿದರೆ ಅವನಿಗೆ ನಷ್ಟ, ಆ ನಷ್ಟವನ್ನು ಅವನು ಕೆಲಸದಲ್ಲಿ ತೋರಿಸುತ್ತಾನೆ. ಮೊಳೆ ಕಿತ್ತು ಹದಮಾಡುವ ತನಕ ದಿನಗೂಲಿ, ದಾರಂದ ಕಿಟಕಿಯ ಕೆಲಸಕ್ಕೆ ಮಾತ್ರ ಗುತ್ತಿಗೆ ಎಂದು ಬೇರೆ ಬೇರೆ ಮಾತಾಡಿ.

ಮೈಸೂರಿಗೆ ಸಾಗಿಸುವ ಮೊದಲು ಕಾಗದ

"ನಮ್ಮ ಮನೆಯದೇ ಮರ, ಯಾರು ಕೇಳುತ್ತಾರೆ" ಎಂದು ಲಾರಿ ತುಂಬಬೇಡಿ. ಹಳೇ ಮರ ಎಂಬುದೇ ರಿಯಾಯಿತಿ ಅಲ್ಲ. ಮರದ ಸಾಗಾಣಿಕೆ 1969ರ ಕರ್ನಾಟಕ ಅರಣ್ಯ ನಿಯಮಗಳ ಕೆಳಗೆ ಬರುತ್ತದೆ. ರಾಶಿಯಲ್ಲಿ ಒಂದೆರಡು ಬೀಟೆ ಅಥವಾ ಸಾಗುವಾನಿ ತುಂಡು ಸೇರಿಕೊಂಡಿದ್ದರೆ ತನಿಖಾ ಠಾಣೆಯಲ್ಲಿ ಇಡೀ ಲಾರಿಯೇ ನಿಲ್ಲುತ್ತದೆ. ಮನೆ ಇರುವ ವಲಯದ ಅರಣ್ಯಾಧಿಕಾರಿ ಕಚೇರಿಗೆ ಬಿಚ್ಚುವ ಮೊದಲೇ ಹೋಗಿ, ಯಾವ ಜಾತಿಗೆ ಪಾಸು ಬೇಕು ಎಂದು ವಿಚಾರಿಸಿ ಅರ್ಜಿ ಕೊಡಿ. ಜೊತೆಗೆ ಪಂಚಾಯಿತಿ ಖಾತೆ, ಮನೆ ಕೆಡವುತ್ತಿರುವ ಬಗ್ಗೆ ಪಿಡಿಒ ಪತ್ರ, ಜಾತಿ ಮತ್ತು ಅಳತೆವಾರು ಮರದ ಪಟ್ಟಿ, ಪಾಲುದಾರರೆಲ್ಲ ಸಹಿ ಮಾಡಿದ ಹಂಚಿಕೆ ಚೀಟಿ, ಇವು ಕೈಯಲ್ಲಿರಲಿ. ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಮನೆ ನಿಂತಿರುವಾಗಲೇ, ಮರ ತನ್ನ ಜಾಗದಲ್ಲಿರುವಾಗಲೇ ತೆಗೆದ ಫೋಟೋ. ಬಿಚ್ಚಿ ರಾಶಿ ಹಾಕಿದ ಮೇಲೆ ಅದು ಮನೆಯದೋ ಕಾಡಿನದೋ ಎಂದು ಯಾರಿಗೂ ತೋರಿಸಲಾಗುವುದಿಲ್ಲ.

ಜಾತಿ ಗುರುತಿಸಲು ಊರಿನ ಹಿರಿಯ ಆಚಾರ್ರೊಬ್ಬರನ್ನು ಕರೆದುಕೊಂಡು ಹೋಗಿ. ಹೊಗೆ ಹಿಡಿದು ಕಪ್ಪಾದ ಮೇಲೆ ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ ಎಲ್ಲವೂ ಒಂದೇ ಥರ ಕಾಣುತ್ತವೆ. ಕಾಣದ ಮೂಲೆಯಲ್ಲಿ ಉಜ್ಜುಗೊರಡು ಎರಡು ಸಲ ಎಳೆದರೆ ಸಾಕು. ಹಲಸಾದರೆ ಮೊದಲ ಸಿಪ್ಪೆ ಮಸಿ, ಎರಡನೆಯದು ಕಂದು, ಅದರ ಕೆಳಗೆ ಅರಿಶಿನ ಬಣ್ಣ ಇಣುಕುತ್ತದೆ. ಸಾಗುವಾನಿಯಾದರೆ ಕೈಗೆ ಜಿಡ್ಡು, ಮೂಗಿಗೆ ಚರ್ಮದಂಥ ವಾಸನೆ. ಹೊನ್ನೆಯ ಚಕ್ಕೆಯನ್ನು ಒಂದು ಲೋಟ ನೀರಿಗೆ ಹಾಕಿಟ್ಟರೆ ನೀರಿನಲ್ಲಿ ನೀಲಿ ಛಾಯೆ ಕಾಣುತ್ತದೆ. ಮತ್ತಿ ಭಾರ ಜಾಸ್ತಿ, ಮೊಳೆ ಹಿಡಿಸುವುದಿಲ್ಲ. ಡ್ರಿಲ್ ಹಾಕದೆ ಹೊಡೆದರೆ ಮೊಳೆ ಬಗ್ಗುತ್ತದೆ, ಇಲ್ಲವೇ ಮರ ಸೀಳುತ್ತದೆ.

ಬಿಚ್ಚುವಾಗ

ಜೆಸಿಬಿ ತರಿಸಬೇಡಿ. ಹೆಂಚು, ರೀಪು, ಪಕಾಸು, ತೊಲೆ, ಕಂಬ ಎಂದು ಕಟ್ಟಿದ್ದರ ಉಲ್ಟಾ ಕ್ರಮದಲ್ಲಿ ಬಿಚ್ಚಿ. ಪ್ರತಿ ತುಂಡಿನ ಎರಡೂ ತುದಿಯ ಬಳಿ ಎಣ್ಣೆ ಬಣ್ಣದಲ್ಲಿ ಸಂಖ್ಯೆ ಬರೆಸಿ. ಸೀಮೆಸುಣ್ಣ ಲಾರಿ ಹತ್ತುವಾಗಲೇ ಅಳಿಸಿಹೋಗುತ್ತದೆ. ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ಕೂತು ತೊಲೆ ಹೊರುವ ತುಂಡು), ತೊಲೆ ಮೂರಕ್ಕೂ ಜೋಡಿ ಸಂಖ್ಯೆ ಇರಲಿ, ಏಕೆಂದರೆ ಕಂಬದ ತಲೆಯ ನಾಲಿಗೆಯನ್ನು ಅದರದೇ ಬೋದಿಗೆಯ ಕುಳಿಗೆ ಸರಿಯಾಗಿ ಕೆತ್ತಿರುತ್ತಾರೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಗೂಟಗಳನ್ನು ಹಿಂಬದಿಯಿಂದ ಬಡಿದು ತೆಗೆಸಿ. ಗರಗಸ ಹಾಕಿದರೆ ನಾಲಿಗೆಯೇ ಹೋಗುತ್ತದೆ.

ಹೆಬ್ಬಾಗಿಲನ್ನು ಮಾತ್ರ ಬಿಚ್ಚಲೇಬೇಡಿ. ಹಳೇ ಬಾಗಿಲು ಕೀಲಿನ ಮೇಲಲ್ಲ, ಮೇಲೆ ಕೆಳಗೆ ಗೂಟದ ಮೇಲೆ ತಿರುಗುವಂಥದ್ದಾದರೆ ದಾರಂದವನ್ನು ಬಾಗಿಲಿನ ಸುತ್ತ ಕೂಡಿಸಿರುತ್ತಾರೆ. ಬಾಗಿಲು ಹಾಕಿ, ಅಗಳಿ ಜಡಿದು, ದಾರಂದದ ಮೇಲೆ ಓರೆಯಾಗಿ ಎರಡು ಪಟ್ಟಿ ಹೊಡೆದು, ಸುತ್ತಲಿನ ಗೋಡೆ ಕೆಡವಿ ಇಡಿಯಾಗಿ ಎತ್ತಿಸಿ. ಬಿಚ್ಚಿದರೆ ಮತ್ತೆ ಮೂಲೆ ಮಟ್ಟಕ್ಕೆ ತರುವುದು ತಲೆನೋವು.

ತಂದ ಮರವನ್ನು ಸೈಟಿನ ನೆಲದ ಮೇಲೆ ಹಾಕಿ ಟಾರ್ಪಾಲು ಸುತ್ತುವುದು ಎಲ್ಲರೂ ಮಾಡುವ ತಪ್ಪು. ನೂರು ವರ್ಷ ಬಾಳಿದ ಹಲಗೆ ಆ ಬೆವರಿನಲ್ಲಿ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ಕೆಳಗಿನಿಂದ ಗೆದ್ದಲು ಹತ್ತುತ್ತದೆ. ಕಲ್ಲಿಟ್ಟು ನೆಲದಿಂದ ಒಂದಡಿ ಎತ್ತರಿಸಿ. ಪ್ರತಿ ಸಾಲಿನ ನಡುವೆ ಒಂದಿಂಚಿನ ರೀಪು ಚೂರುಗಳನ್ನು ಎರಡೆರಡು ಅಡಿಗೆ ಇಡಿ. ಚೂರುಗಳು ಮೇಲಿಂದ ಕೆಳಗೆ ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಹಲಗೆ ಅಲೆಯಂತೆ ಬಾಗುತ್ತದೆ. ಮೇಲೆ ಶೀಟು, ಪಕ್ಕ ತೆರೆದಿರಲಿ.

ಕುಟ್ಟೆ ಇದೆಯೋ, ಇತ್ತೋ?

ನಿಮ್ಮ ಮುಖ್ಯ ಭಯ ಇದು. ತೂತು ಇದೆ ಎಂದ ಮಾತ್ರಕ್ಕೆ ಹುಳು ಇದೆ ಎಂದಲ್ಲ. ತೂತು ಎಂದರೆ ಹುಳು ಹೊರಟುಹೋದ ಬಾಗಿಲು. ಕಿರುಬೆರಳು ಹೋಗುವಷ್ಟು ದೊಡ್ಡ, ಮೊಟ್ಟೆಯಾಕಾರದ ತೂತುಗಳು ಸಾಮಾನ್ಯವಾಗಿ ಮರ ಹಸಿಯಾಗಿದ್ದಾಗಿನವು. ಒಣ ಮರದಲ್ಲಿ ಆ ಜಾತಿ ಹುಳು ಹೆಚ್ಚಾಗಿ ಮತ್ತೆ ಬರುವುದಿಲ್ಲ. ತಲೆಬಿಸಿ ಮಾಡಬೇಕಾದ್ದು 1ರಿಂದ 2 ಮಿಲಿಮೀಟರಿನ ಸಣ್ಣ ದುಂಡು ತೂತುಗಳಿಗೆ. ಅವುಗಳಿಂದ ಗೋಧಿ ಹಿಟ್ಟಿನಂಥ ನುಣುಪು ಪುಡಿ ಉದುರುತ್ತದೆ.

ತಂತಿ ಬ್ರಷ್ಷಿನಿಂದ ತುಂಡನ್ನು ಪೂರ್ತಿ ತಿಕ್ಕಿ, ಸುತ್ತಿಗೆಯಿಂದ ಬಡಿದು ಹಳೇ ಪುಡಿಯೆಲ್ಲ ಉದುರಿಸಿ. ಕೆಳಗೆ ಕಪ್ಪು ಕಾಗದ ಹಾಸಿ ಮೂರು ವಾರ ಅಲುಗಿಸದೆ ಬಿಡಿ. ಬೇಸಿಗೆ ಶುರುವಾದ ಮೇಲೆ ಈ ಪರೀಕ್ಷೆ ಮಾಡಿದರೆ ಒಳ್ಳೆಯದು, ಹುಳುಗಳು ಹೊರಬೀಳುವುದು ಹೆಚ್ಚಾಗಿ ಸೆಕೆಗಾಲದಲ್ಲಿ. ಕಾಗದದ ಮೇಲೆ ಕೆನೆಬಣ್ಣದ ಹೊಸ ಪುಡಿ ಬಿದ್ದಿದ್ದರೆ ಹುಳು ಜೀವಂತ.

ಈ ಹುಳುವಿಗೆ ಬೇಕಾಗಿರುವುದು ಹೊರಗಿನ ಬಿಳಿ ಭಾಗ. ಹಲಸಿನ ಕೆಚ್ಚಿಗೆ ಅದು ಹಲ್ಲು ಹಾಕುವುದು ಅಪರೂಪ. ಆದ್ದರಿಂದ ಮೊದಲ ಔಷಧ ಗರಗಸ. ಬಿಳಿ ಅಂಚನ್ನು ಕೆಚ್ಚು ಕಾಣುವವರೆಗೆ ಕೊಯ್ದು ತೆಗೆಸಿ, ಆ ಚೂರುಗಳನ್ನು ಸೈಟಿನಲ್ಲಿ ಉಳಿಸದೆ ಸುಡಿ. ಉಳಿದದ್ದಕ್ಕೆ ಬೋರಾಕ್ಸ್ ದ್ರಾವಣ: 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಪೂರ್ತಿ ಕರಗಿಸಿ ಬ್ರಷ್ಷಿನಿಂದ ಎರಡು ಮೂರು ಕೈ ಹಚ್ಚಿ, ತುದಿಗಳಿಗೆ ಮತ್ತು ಕುಳಿಗಳಿಗೆ ಧಾರಾಳವಾಗಿ ಹಚ್ಚಿ, ಒಂದು ವಾರ ಪ್ಲಾಸ್ಟಿಕ್ ಹೊದಿಸಿಡಿ. ಒದ್ದೆ ಇರುವ ತನಕ ಮಾತ್ರ ಉಪ್ಪು ಒಳಗಿಳಿಯುತ್ತದೆ. ಆಮೇಲೆ ಹೊದಿಕೆ ತೆಗೆದು ಮತ್ತೆ ಒಣಗಿಸಿ. ಇದನ್ನು ಕೊನೆಯ ಅಳತೆಗೆ ಕೊಯ್ದ ನಂತರವೇ ಮಾಡಬೇಕು. ಮೊದಲು ಹಚ್ಚಿ ಆಮೇಲೆ ಕೆತ್ತಿದರೆ ಔಷಧವೆಲ್ಲ ಸಿಪ್ಪೆಯಲ್ಲಿ ಹೋಯಿತು. ಮಳೆ ಬೀಳುವ ಜಾಗಕ್ಕೆ ಬೋರಾಕ್ಸ್ ನಿಲ್ಲುವುದಿಲ್ಲ, ತೊಳೆದುಹೋಗುತ್ತದೆ.

ಹತ್ತಿರದಲ್ಲಿ ಮರ ಒಣಗಿಸುವ ಕಾವುಕೋಣೆ ಇರುವ ಮಿಲ್ಲು ಸಿಕ್ಕರೆ ಇನ್ನೂ ಒಳ್ಳೆಯದು. ಮರದ ನಡುಗರ್ಭ 56 ಡಿಗ್ರಿ ಸೆಲ್ಸಿಯಸ್‌ಗೆ ಬಂದು 30 ನಿಮಿಷ ನಿಂತರೆ ಹುಳು, ಮೊಟ್ಟೆ ಎಲ್ಲ ಸಾಯುತ್ತವೆ. ರಫ್ತು ಪೆಟ್ಟಿಗೆಗಳ ಮರಕ್ಕೆ ಇರುವ ಅಂತಾರಾಷ್ಟ್ರೀಯ ನಿಯಮವೂ ಇದೇ. ಸುಟ್ಟ ಇಂಜಿನ್ ಎಣ್ಣೆ ಹಚ್ಚಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ವಾಸನೆ ಹೋಗುವುದಿಲ್ಲ, ಮೇಲೆ ಪಾಲಿಶ್ ಕೂರುವುದಿಲ್ಲ, ಅಂಟು ಹಿಡಿಯುವುದಿಲ್ಲ.

ಅಡುಗೆಮನೆಯ ಮೇಲಿದ್ದ ಪಕಾಸುಗಳನ್ನು ಬೇರೆ ಗುರುತು ಮಾಡಿಸಿ. ದಿನವೂ ಹೊಗೆ ಕುಡಿದ ಆ ಮರಕ್ಕೆ ಹುಳು ಬಿದ್ದಿರುವುದು ಕಡಿಮೆ. ಆದರೆ ಆ ಮಸಿಯನ್ನು ಕೆತ್ತುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು. ಹಳೇ ಎಣ್ಣೆಬಣ್ಣ ಇದ್ದರೆ ಅದರಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣ ಉಜ್ಜುಕಾಗದ ಹಾಕಬೇಡಿ, ಪೇಂಟ್ ರಿಮೂವರ್ ಹಚ್ಚಿ ಹಸಿಯಾಗಿಯೇ ಕೆರೆಸಿ. ಬಣ್ಣದ ಚೂರುಗಳನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ, ಆ ಬೂದಿ ಕೊನೆಗೆ ತೋಟಕ್ಕೇ ಹೋಗುತ್ತದೆ.

ಮೊಳೆ

ಮಿಲ್ಲಿನವರು ಹಳೇ ಮರ ಎಂದರೆ ಮುಖ ತಿರುಗಿಸುವುದು ಇದಕ್ಕೇ. ಒಂದು ಮುರಿದ ಮೊಳೆಗೆ ಬ್ಲೇಡಿನ ಹಲ್ಲು ಹಾರಿಹೋಗುತ್ತದೆ, ಹಾರಿದ ಚೂರು ಕಣ್ಣಿಗೂ ಬೀಳಬಹುದು. ಕಣ್ಣಿಗೆ ಕಂಡದ್ದನ್ನು ಕಿತ್ತ ಮೇಲೆ, ಹಳೇ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೈಮೇಲೆ ನಿಧಾನ ಎಳೆಯಿರಿ. ಜಗ್ಗಿದ ಕಡೆ ಗುರುತು ಹಾಕಿ. ಆಳದಲ್ಲಿರುವುದಕ್ಕೆ ಕಾವಲುಗಾರರು ಹಿಡಿಯುವಂಥ ಕೈ ಮೆಟಲ್ ಡಿಟೆಕ್ಟರ್ ಬೇಕು. ತಲೆ ಮುರಿದ ಮೊಳೆಯ ಸುತ್ತ 4 ಮಿಲಿಮೀಟರ್ ಡ್ರಿಲ್ಲಿನಿಂದ ಮೂರ್ನಾಲ್ಕು ತೂತು ಹಾಕಿ ಇಕ್ಕಳದಿಂದ ಹಿಡಿದು ಎಳೆಯಿರಿ. ತೂತಿಗೆ ಅದೇ ಮರದ ಗೂಟ ಬಡಿದರೆ ಆಯಿತು. ಕೊಯ್ಯುವ ಮೊದಲು ಬ್ಲೇಡ್ ಹಾಳಾದರೆ ಖರ್ಚು ಯಾರದು ಎಂದು ಮಿಲ್ಲಿನವರ ಹತ್ತಿರ ಬಾಯಿಬಿಟ್ಟು ಮಾತಾಡಿಬಿಡಿ.

ಮೊಳೆಯ ಸುತ್ತಲಿನ ಕಪ್ಪು ಕಲೆ ಕೊಳೆತದ್ದಲ್ಲ. ಕಬ್ಬಿಣವೂ ಮರದ ಒಗರೂ ಸೇರಿ ಆದದ್ದು. ಹಾಗೇ ಇರಲಿ ಎಂದರೂ ಸರಿ. ಬೇಡವೆಂದರೆ ಒಂದು ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಚ್ಚಿ, ಕಲೆ ತಿಳಿಯಾದ ಮೇಲೆ ಎರಡು ಮೂರು ಸಲ ನೀರಿನಿಂದ ತೊಳೆಯಿರಿ. ಅದು ವಿಷ, ಕೈಗವಸು ಹಾಕದೆ ಮುಟ್ಟಬೇಡಿ.

ಯಾವುದು ಎಲ್ಲಿಗೆ

ಐದು ತೊಲೆಗಳಲ್ಲಿ ನೇರವಾಗಿರುವ ಎರಡನ್ನು ತೊಲೆಯಾಗಿಯೇ ಉಳಿಸಿ. ಸುತ್ತಿಗೆಯಲ್ಲಿ ಬಡಿದರೆ ಕಣಕಣ ಎನ್ನಬೇಕು, ಟೊಳ್ಳು ಸದ್ದು ಬರಬಾರದು. ತುದಿಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ನಡುಭಾಗದ ಕೆಳಮೈಯಲ್ಲಿ ಹಳೇ ಕುಳಿ ಇರುವ ತೊಲೆಯನ್ನು ಭಾರಕ್ಕೆ ಹಾಕಬೇಡಿ, ಎಳೆತ ಹೆಚ್ಚು ಬೀಳುವುದು ಅಲ್ಲೇ. ತೊಲೆಯ ಬಲ ಅದರ ಎತ್ತರದ ವರ್ಗದಂತೆ ಹೋಗುತ್ತದೆ. 6×8ರ ತೊಲೆಯನ್ನು 8 ಇಂಚು ನಿಲ್ಲುವಂತೆ ಕೂರಿಸಬೇಕು, ಮಲಗಿಸಿದರೆ ಬಲದಲ್ಲಿ ಕಾಲುಭಾಗ ಹೋಯಿತು. ಮೇಲೆ ಹೆಂಚಿನ ಮಾಡಾದರೂ ಭಾರದ ಲೆಕ್ಕವನ್ನು ಇಂಜಿನಿಯರ್ ಕೈಯಲ್ಲಿ ನೋಡಿಸಿ.

ಉಳಿದ ಮೂರನ್ನು ಸೀಳಬಹುದು. ಎರಡೂ ತುದಿ ಅರ್ಧರ್ಧ ಅಡಿ ಕತ್ತರಿಸಿದರೆ 11 ಅಡಿ. 8 ಇಂಚಿನ ಕಡೆ ನಡುವೆ ಸೀಳಿ ಕೆತ್ತಿದರೆ 5×3 ಇಂಚಿನ ಎರಡು ಉದ್ದ ತುಂಡು ಧಾರಾಳವಾಗಿ ಬರುತ್ತವೆ. ಒಂದೊಂದರಿಂದ 7 ಅಡಿಯ ಕಾಲು, 3½ ಅಡಿಯ ಅಡ್ಡಪಟ್ಟಿ. ಅಂದರೆ ಒಂದು ತೊಲೆಗೆ ಹೊಸ್ತಿಲು ಸಮೇತ ಒಂದು ಪೂರ್ತಿ ದಾರಂದ, ಮೂರಕ್ಕೆ ಮೂರು ಕೋಣೆ. ತುದಿ ಇನ್ನೂ ಒಳಗೆ ಕೊಳೆತಿದ್ದರೆ ಒಳಕೋಣೆಗೆ ಹೊಸ್ತಿಲಿಲ್ಲದ ಮೂರು ಪಟ್ಟಿಯ ದಾರಂದ ಮಾಡಿಸಿ.

ಪಕಾಸು ಕಿಟಕಿಗೆ. 4×4 ಅಡಿ ಕಿಟಕಿಗೆ ನಡುಗಂಬ ಸೇರಿ 4 ಅಡಿಯ ಐದು ತುಂಡು ಬೇಕು. 10 ಅಡಿಯ ಪಕಾಸಿನಿಂದ ಅಂಥ ಎರಡು ಬರುತ್ತವೆ. ಹಾಗಾಗಿ ಎರಡು ಕಿಟಕಿಗೆ ಐದು ಪಕಾಸು. ಕಿಟಕಿಯನ್ನು 4 ಅಡಿ 9 ಇಂಚು ಮಾಡಿದರೂ ಅಷ್ಟೇ ಪಕಾಸು ಸಾಕು, ಸುಮ್ಮನೆ ಹೋಗುವ ಚೂರು ಕಡಿಮೆಯಾಗುತ್ತದೆ. ನಕ್ಷೆಗಿಂತ ಮೊದಲು ಪಟ್ಟಿ ಎಂದದ್ದು ಇದಕ್ಕೆ.

ಮುಚ್ಚಿಗೆ ಹಲಗೆಗಳು ಕೆತ್ತಿದ ಮೇಲೆ ಮುಕ್ಕಾಲಿಂಚು ಉಳಿಯುತ್ತವೆ. ಕಪಾಟಿನ ಬಾಗಿಲಿನ ನಡುಹಲಗೆಗೆ ಚೆನ್ನ. ಆದರೆ ಅವನ್ನು ಚೌಕಟ್ಟಿನ ಗಾಡಿಯಲ್ಲಿ (ಒಳಅಂಚಿಗೆ ಕೊರೆದ ಕಾಲುವೆಯಲ್ಲಿ) ಅಂಟು ಹಾಕದೆ ಸಡಿಲವಾಗಿ ಕೂರಿಸಬೇಕು. ಮಲೆನಾಡಿನ ತೇವಕ್ಕೆ ಹೊಂದಿಕೊಂಡ ಮರ ಮೈಸೂರಿನ ಒಣಹವೆಯಲ್ಲಿ ಮತ್ತೆ ಕುಗ್ಗುತ್ತದೆ. 9 ಇಂಚು ಅಗಲದ ಹಲಗೆ 2ರಿಂದ 3 ಮಿಲಿಮೀಟರ್ ಸಣ್ಣದಾಗುವುದು ಸಹಜ. ಅಂಟಿಸಿಬಿಟ್ಟರೆ ಫೆಬ್ರವರಿ ಹೊತ್ತಿಗೆ ನಡುವೆ ಟಪ್ ಎಂದು ಸೀಳುತ್ತದೆ. ಮರ ಮೈಸೂರಿಗೆ ಬಂದ ಮೇಲೆ ಎರಡು ಮೂರು ತಿಂಗಳು ಅಲ್ಲೇ ಆರಲಿ. ಸೂಜಿ ಚುಚ್ಚುವ ತೇವಮಾಪಕದಲ್ಲಿ 12 ಶೇಕಡಾ ಅಥವಾ ಅದಕ್ಕಿಂತ ಕೆಳಗೆ ಬಂದ ಮೇಲೆಯೇ ಸಂದು ಕೂಡಿಸುವ ಕೆಲಸ. ಹೊರಮೈ ಬೇಗ ಒಣಗಿದಂತೆ ತೋರಿಸುತ್ತದೆ, ಆದ್ದರಿಂದ ಒಂದು ತುಂಡನ್ನು ಅಡ್ಡ ಕತ್ತರಿಸಿ ಒಳಗೆ ಚುಚ್ಚಿ ನೋಡಿ.

ಕಂಬಗಳು ಜಗಲಿಗೆ, ಸೀಳದೆ. 7 ಇಂಚಿನ ಕೆಚ್ಚು ಮರಕ್ಕೆ ಹೆಂಚಿನ ಮಾಡಿನ ಭಾರ ಲೆಕ್ಕಕ್ಕಿಲ್ಲ, ಹಾಳಾಗುವುದು ಪಾದ. ಹಳಬರು ಕಂಬದ ಕೆಳಗೆ ಕಲ್ಲಿಡುತ್ತಿದ್ದದ್ದು ಚಂದಕ್ಕಲ್ಲ, ನೆಲದ ನೀರು ಮರಕ್ಕೆ ಏರದಿರಲಿ ಎಂದು. ಕನಿಷ್ಠ 6 ಇಂಚು ಎತ್ತರದ ಕಲ್ಲು, ಅದರ ನಡುವೆ 16 ಮಿಲಿಮೀಟರಿನ ಸ್ಟೀಲ್ ಸರಳು, ಮೇಲೆ ಕಂಬ. ಪಾದವನ್ನು ಕಾಂಕ್ರೀಟಿನಲ್ಲಿ ಹೂಳಿದರೆ ಸುತ್ತ ನೀರು ನಿಂತು ಕೆಲವೇ ವರ್ಷಕ್ಕೆ ಕೊಳೆಯುತ್ತದೆ. ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ಅಲಂಕಾರಕ್ಕೆ ನಿಲ್ಲಿಸುವುದಾದರೆ ಸೆಂಟ್ರಿಂಗ್ ತೆಗೆದ ಮೇಲೆ, ತಲೆಯ ಮೇಲೆ 10 ಮಿಲಿಮೀಟರ್ ಸಂದು ಬಿಟ್ಟು ನಿಲ್ಲಿಸಿ.

ದಾರಂದಗಳನ್ನು ಗೋಡೆ ಕಟ್ಟುವಾಗಲೇ ಇಡಬೇಡಿ. ಸಿಮೆಂಟಿನ ನೀರು ಬಿದ್ದರೆ ಹಲಸು ಕಪ್ಪಾಗುತ್ತದೆ. ಕಿಂಡಿಯನ್ನು ಸುತ್ತ ಅರ್ಧ ಇಂಚು ದೊಡ್ಡದು ಬಿಟ್ಟು, ಪ್ಲಾಸ್ಟರ್ ಒಣಗಿದ ಮೇಲೆ ಪಕ್ಕಕ್ಕೆ ಮೂರರಂತೆ ತಿರುಪು ಹಾಕಿ ಕೂರಿಸಿ. ಗೋಡೆಗೆ ತಾಗುವ ಹಿಂಬದಿಗೆ ಮೊದಲೇ ಪ್ರೈಮರ್ ಅಥವಾ ಟಾರು ಬಳಿದಿರಬೇಕು. ಪಾಯದ ಹಂತದಲ್ಲೇ ಮಣ್ಣಿಗೆ ಗೆದ್ದಲಿನ ಔಷಧ ಹಾಕಿಸಿ, ಮರಕ್ಕೆ ಎಷ್ಟು ಹಚ್ಚಿದರೂ ಅದರ ಬದಲಿಗೆ ಆಗದು.

ಬಣ್ಣದ ಬಗ್ಗೆ ಒಂದು ಮಾತು. ಹೊಸದಾಗಿ ಕೆತ್ತಿದ ಹಲಸು ಮೊದಲು ಕಣ್ಣು ಕುಕ್ಕುವ ಹಳದಿ. ಮನೆಯವರು ಗಾಬರಿಯಾಗಿ ಗಾಢ ಬಣ್ಣ ಹಚ್ಚಿಸಿಬಿಡುತ್ತಾರೆ. ಬಿಡಿ, ಬೆಳಕಿಗೆ ಅದೇ ತಿಂಗಳುಗಳಲ್ಲಿ ಕಂದಾಗುತ್ತದೆ. ಅಗಸೆ ಎಣ್ಣೆಯ ಎರಡು ತೆಳು ಕೈ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನೇ ಕಾವು ಏರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

ಕೊನೆಗೆ ಹೆಬ್ಬಾಗಿಲು. ಅಂಥ ಮನೆಗಳ ಬಾಗಿಲು ಹೆಚ್ಚಾಗಿ ಐದೂವರೆ ಅಡಿ ಆಸುಪಾಸು ಎತ್ತರ, ಅಗಲವೂ ಮೂರಡಿ ಮುಟ್ಟುವುದಿಲ್ಲ. ಅದನ್ನೇ ಹೊಸ ಮನೆಯ ಮುಂಬಾಗಿಲು ಮಾಡಿದರೆ ಮಂಚ, ಬೀರು ಒಳಗೆ ಬರುವುದಿಲ್ಲ, ಬಂದವರೆಲ್ಲ ತಲೆ ಬಡಿಸಿಕೊಳ್ಳುತ್ತಾರೆ. ಕಾಲಿಗೆ ತುಂಡು ಕೂಡಿಸಿ ಎತ್ತರಿಸಿಕೊಡುತ್ತೇನೆ ಎನ್ನುವ ಬಡಗಿಗಳಿದ್ದಾರೆ. ಕೆತ್ತನೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ವಿಕಾರವಾಗುತ್ತದೆ, ಬಾಗಿಲನ್ನೂ ಉದ್ದ ಮಾಡಬೇಕಾಗುತ್ತದೆ. ದೇವರ ಕೋಣೆಗೆ ಹಾಕಿ. ಅಲ್ಲಿ ಬಗ್ಗಿ ಒಳಹೋಗುವುದು ಯಾರಿಗೂ ಕಷ್ಟವಲ್ಲ. ಕೂರಿಸುವಾಗ ಕೆಳಗಿನ ತಿರುಗುಗೂಟ ಕೂರುವ ಗುಳಿಯನ್ನು ನೋಡಿ. ಇಷ್ಟು ವರ್ಷ ತಿರುಗಿ ಸವೆದಿರುತ್ತದೆ, ಬಾಗಿಲು ಹೊಸ್ತಿಲಿಗೆ ಉಜ್ಜುವುದು ಅದಕ್ಕೇ. ಬಾಗಿಲಿನ ಅಡಿಯನ್ನು ಕೆತ್ತಬೇಡಿ, ಗುಳಿಯೊಳಗೆ ಒಂದು ಹಿತ್ತಾಳೆ ವಾಷರ್ ಹಾಕಿದರೆ ಬಾಗಿಲು ತನ್ನ ಮಟ್ಟಕ್ಕೆ ಬರುತ್ತದೆ.